ಯಥಾಸ್ಥಿತಿ ವೇದಿಕೆಯೂ ನಾಲ್ಕನೇ ಮಹಡಿಯ ಅಮ್ಮನವರೂ

ವಿಶಾಖಪಟ್ಟಣದ ಗಾಜುವಾಕದಲ್ಲಿ ಸಾಯಿಸುಮ ನಿಲಯ ಎಂಬ ನಾಲ್ಕು ಮಹಡಿಯ ಕಟ್ಟಡವಿದೆ. ಅದರ ಲಿಫ್ಟು ಕೆಟ್ಟು ನೆಲಮಹಡಿಯಲ್ಲಿ ನಿಂತದ್ದು ೨೦೨೨ರ ಮಾರ್ಚ್ ಹನ್ನೊಂದರಂದು, ಬೆಳಿಗ್ಗೆ ಒಂಬತ್ತು ಹತ್ತಕ್ಕೆ. ಇಂದು ಎರಡು ನಗರಗಳಲ್ಲಿ ಶಾಖೆಗಳನ್ನು ಹೊಂದಿರುವ ಯಥಾಸ್ಥಿತಿ ಸಂರಕ್ಷಣಾ ವೇದಿಕೆಯ ಸ್ಥಾಪನಾ ಮುಹೂರ್ತವೂ ಅದೇ. ವೇದಿಕೆಯ ಹಿಂದೆ ಯಾರೋ ದೊಡ್ಡ ಕುಳಗಳಿದ್ದಾರೆಂದು ವಿಜಯವಾಡದ ಕಡೆ ಹಬ್ಬಿರುವ ಮಾತು ಶುದ್ಧ ಸುಳ್ಳು. ಅದರ ಹಿಂದೆ ಇದ್ದದ್ದು ಸುಟ್ಟುಹೋದ ಒಂದು ಫ್ಯೂಸು ಮಾತ್ರ. ಸಂಸ್ಥಾಪಕ ಕಾರ್ಯದರ್ಶಿಯಾದ ನಾನು, ಅಂದರೆ ಚಿತ್ರದುರ್ಗದ ಕಡೆಯ ರಾಮಚಂದ್ರ, ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ, ಕಡತಗಳನ್ನು ಎದುರಿಗಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಕಟ್ಟಡದ ಹದಿನಾರು ಮನೆಗಳಲ್ಲಿ ಒಂಬತ್ತು ಮನೆಯವರು ನಮ್ಮಂಥವರೇ, ಕರ್ನಾಟಕದಿಂದ ಬಂದ ಬ್ಯಾಂಕಿನವರು. ಲಿಫ್ಟು ನಿಂತ ದಿನವೇ ಅದರ ಕಂಪನಿಗೆ ದೂರು ಬರೆದೆವು. ನಲವತ್ತು ದಿನ ಬಿಟ್ಟು ಉತ್ತರ ಬಂತು: “ನಮ್ಮ ಇಂಜಿನಿಯರರು ಬಂದು ಪರಿಶೀಲಿಸುವವರೆಗೆ ಯಥಾಸ್ಥಿತಿಯನ್ನು ಕಾಯ್ದುಕೊಳ್ಳತಕ್ಕದ್ದು.” ಬೇರೆಯವರಾಗಿದ್ದರೆ ಇದನ್ನು ಓದಿ, ಬಾಯಿಗೆ ಬಂದದ್ದು ಬೈದು, ಬೀದಿಯ ಕೊನೆಯ ಮೆಕ್ಯಾನಿಕನನ್ನು ಕರೆಸುತ್ತಿದ್ದರು. ನಾವು ಬ್ಯಾಂಕಿನವರು. ಉಲ್ಲೇಖ ಸಂಖ್ಯೆ, ದಿನಾಂಕ, ಮೊಹರು ಮೂರೂ ಇರುವ ಕಾಗದ ನಮ್ಮ ಪಾಲಿಗೆ ಸುತ್ತೋಲೆ. ಸುತ್ತೋಲೆ ಬಂದ ಮೇಲೆ ಅದನ್ನು ಪಾಲಿಸಬೇಕು, ಪಾಲಿಸಲಿಕ್ಕೆ ಒಂದು ಸಮಿತಿ ಬೇಕು. ಹೀಗೆ ಯಥಾಸ್ಥಿತಿ ಪಾಲನಾ ಸಮಿತಿ ಹುಟ್ಟಿತು. ನಮ್ಮ ಶಾಖೆಯ ಮ್ಯಾನೇಜರ್ ಅಶೋಕ ಸಾರ್ ಅಧ್ಯಕ್ಷರಾದರು.

ಲಿಫ್ಟು ಅಲ್ಲಾಡದಂತೆ ನೋಡಿಕೊಳ್ಳುವುದು ಸಮಿತಿಯ ಏಕೈಕ ಕರ್ತವ್ಯ. ಸದಸ್ಯರು ಸರದಿಯ ಮೇಲೆ ಅದರೊಳಗೆ ಕೂರತೊಡಗಿದರು. ಕೂರಲು ಕುರ್ಚಿ ಬಂತು, ಹಾಜರಿ ಪುಸ್ತಕ ಇಡಲು ಮೇಜು ಬಂತು, ಸೆಖೆಗೆ ಫ್ಯಾನು ಬಂತು. ಆರು ತಿಂಗಳಲ್ಲಿ ಹೊರಗೆ ಬೋರ್ಡು ಬಿತ್ತು. ಇಂಜಿನಿಯರು ಮಾತ್ರ ಬರಲಿಲ್ಲ.

ಆಮೇಲೆ ವರ್ಗಾವಣೆಗಳಾದವು. ನಮ್ಮಲ್ಲಿ ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವುದು ಪದ್ಧತಿ. ಹಳಬರು ಹೋಗಿ ಹೊಸಬರು ಬಂದರು. ಹೊಸಬರು ಬಂದಾಗಿನಿಂದ ಲಿಫ್ಟನ್ನು ಕಚೇರಿಯಾಗಿಯೇ ಕಂಡವರು. “ಇದು ಮೇಲೆ ಕೆಳಗೆ ಓಡಾಡುತ್ತಿತ್ತಂತೆ” ಎಂದರೆ ನಗುತ್ತಿದ್ದರು. ಆದ್ದರಿಂದ ನಿಯಮಾವಳಿಯ ಮೂರನೇ ಕಲಮು ಹೀಗಾಯಿತು: ಮೂರು ವರ್ಷಕ್ಕಿಂತ ಹಿಂದಿನಿಂದ ಇರುವುದೆಲ್ಲವೂ ಸನಾತನ, ಅದನ್ನು ಬದಲಿಸತಕ್ಕದ್ದಲ್ಲ. ಕಸದ ಗಾಡಿ ತಡವಾಗಿ ಬರುವುದು, ಎರಡನೇ ಮಹಡಿಯ ನಲ್ಲಿ ಸೋರುವುದು, ಗೇಟಿನ ಹೊರಗಿನ ಗುಂಡಿ, ಎಲ್ಲವೂ ಪಟ್ಟಿಗೆ ಸೇರಿದವು. ಪಾಲಿಕೆಯವರು ಒಮ್ಮೆ ಗುಂಡಿ ಮುಚ್ಚಲು ಬಂದಾಗ ನಾವು ಸುತ್ತ ಕೈಕೈ ಹಿಡಿದು ನಿಂತೆವು. ಅವರು ಅರ್ಧ ಗಂಟೆ ನೋಡಿ, ಜಲ್ಲಿ ಲಾರಿಯನ್ನು ತಿರುಗಿಸಿಕೊಂಡು ಹೋದರು. ವೇದಿಕೆಯ ಮೊದಲ ಹೋರಾಟ ಮತ್ತು ಮೊದಲ ಜಯ ಅದು.

ಈಗ ಅನ್ನಪೂರ್ಣಮ್ಮನವರ ವಿಷಯ. ಅವರು ಅಶೋಕ ಸಾರ್ ಅವರ ತಾಯಿ. ವಯಸ್ಸು ಎಪ್ಪತ್ತಾರು. ನಾಲ್ಕನೇ ಮಹಡಿ. ಎರಡು ಮಂಡಿಯೂ ಸವೆದಿವೆ, ಮೆಟ್ಟಿಲು ಇಳಿಯಲಾರರು. ಲಿಫ್ಟು ಕೆಟ್ಟ ಮೊದಲ ತಿಂಗಳಲ್ಲಿ ಊಟದ ಮೇಜಿನ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಇಳಿಸಲು ನೋಡಿದೆವು. ಮೆಟ್ಟಿಲ ತಿರುವಿನಲ್ಲಿ ಕುರ್ಚಿ ಸಿಕ್ಕಿಹಾಕಿಕೊಂಡು ಮುಕ್ಕಾಲು ಗಂಟೆ ಅಮ್ಮ ಗೋಡೆ ನೋಡುತ್ತ ಕೂತಿದ್ದರು. ಅಂದಿನಿಂದ ಮೇಲೆಯೇ. ಸೊಪ್ಪು ತರಕಾರಿಗೆ ಬಾಲ್ಕನಿಯಿಂದ ಹಗ್ಗದಲ್ಲಿ ಬುಟ್ಟಿ ಇಳಿಬಿಡುತ್ತಾರೆ. ಡಾಕ್ಟರೇ ಹತ್ತಿ ಬರುತ್ತಾರೆ.

ಅವರಿಗೆ ಇದ್ದದ್ದು ಒಂದೇ ಆಸೆ. ವಿಜಯವಾಡದ ಪಟಮಟದಲ್ಲಿ ತಂಗಿ ರಾಜ್ಯಲಕ್ಷ್ಮಿ ಇದ್ದಾರೆ. ತೆಲುಗು ಮನೆಗೆ ಸೇರಿ ಐವತ್ತು ವರ್ಷವಾಯಿತು, ಈಗ ಉಬ್ಬಸ. ಅವರ ಜೊತೆ ಎರಡು ದಿನ ಇದ್ದು ಬರಬೇಕು. “ರಾಜಿಗೆ ಅನಕಾಪಲ್ಲಿ ಬೆಲ್ಲ ಅಂದ್ರೆ ಪ್ರಾಣ ಕಣಪ್ಪ” ಎಂದು ಒಂದು ಅಚ್ಚು ಬೆಲ್ಲವನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟಿದ್ದರು. ಮಳೆಗಾಲಕ್ಕೊಮ್ಮೆ ಬೆಲ್ಲ ಜಿನುಗುತ್ತಿತ್ತು. ಅದನ್ನು ಪಾಯಸಕ್ಕೆ ಹಾಕಿ ಹೊಸದು ತರಿಸುತ್ತಿದ್ದರು.

ಮಗ ಇದಕ್ಕೆ ಏನೂ ಮಾಡಲಿಲ್ಲವೇ ಎಂದು ಕೇಳುವವರಿದ್ದಾರೆ. ಮಾಡಿದರು. ಪ್ರತಿ ಏಪ್ರಿಲ್‌ನಲ್ಲಿ ಪ್ರಧಾನ ಕಚೇರಿಗೆ ಅರ್ಜಿ ಬರೆದರು: “ನನ್ನ ವೃದ್ಧ ತಾಯಿಯವರು ಕೆಳಗಿಳಿಯಲು ಅಸಮರ್ಥರಾಗಿರುವುದರಿಂದ ನನ್ನ ವರ್ಗಾವಣೆಯನ್ನು ಮುಂದೂಡಬೇಕಾಗಿ ವಿನಂತಿ.” ಪ್ರತಿ ವರ್ಷವೂ ಮಂಜೂರಾಯಿತು. ಕಟ್ಟಡದ ಬ್ಯಾಂಕಿನವರಲ್ಲಿ ಅವರಷ್ಟು ಕಾಲ ಉಳಿದವರು ಇನ್ನೊಬ್ಬರಿಲ್ಲ. ಎರಡನೆಯವನು ನಾನು, ಆ ಅರ್ಜಿಯ ಕೆಳಗೆ “ಸದರಿಯವರ ಆರೈಕೆಗೆ ಅನಿವಾರ್ಯನಾದ ನೆರೆಯವನು” ಎಂದು ಸಹಿ ಮಾಡಿ ಉಳಿದವನು.

ಸಮಿತಿ ವೇದಿಕೆಯಾದದ್ದು ದಕ್ಷಿಣಾಮೂರ್ತಿಯವರಿಂದ. ಅವರು ಪಟಮಟದವರು, ನಿವೃತ್ತರು. ತಾತ ಬಳ್ಳಾರಿಯ ಕಡೆಯವರು, ಮನೆಮಾತು ಅರ್ಧ ಕನ್ನಡ ಅರ್ಧ ತೆಲುಗು. ಯಾರದೋ ಗೃಹಪ್ರವೇಶಕ್ಕೆ ಬಂದವರು ನಮ್ಮ ಲಿಫ್ಟಿನೊಳಗೆ ಕಾಫಿ ಕುಡಿದು, ನಾಲ್ಕೂ ಗೋಡೆ ಮುಟ್ಟಿ ನೋಡಿ, ಕಣ್ಣೊರೆಸಿಕೊಂಡರು.

“ಏಮಂಡಿ ಅಶೋಕ್‌ಗಾರು, ಎಲ್ಲರೂ ಹಿಂದಿನದು ಉಳಿಸಬೇಕು ಅಂತ ಭಾಷಣ ಮಾಡ್ತಾರೆ. ನೀವು ಒಂದು ಯಂತ್ರವನ್ನೇ ನಿಲ್ಲಿಸಿ ತೋರಿಸಿದ್ದೀರಿ. ಇದು ಈ ಬಿಲ್ಡಿಂಗಿಗೆ ಸೀಮಿತ ಆಗಬಾರದಂಡಿ.”

“ಬ್ಯಾಂಕಿನವರು ರಾಜಕೀಯ ಮಾಡೋ ಹಾಗಿಲ್ವಲ್ಲ ಸಾರ್” ಎಂದರು ಅಧ್ಯಕ್ಷರು.

“ರಾಜಕೀಯ ಯಾಕೆ? ಯಾರಿಗೆ ಓಟು ಹಾಕಬೇಕು ಅಂತ ಹೇಳಿದರೆ ಸಾಕು.”

ಈ ವಿವರಣೆಯನ್ನು ಒಪ್ಪಿ ಬೈಲಾಕ್ಕೆ ಸೇರಿಸಲಾಯಿತು. ದಕ್ಷಿಣಾಮೂರ್ತಿಯವರು ಅಲ್ಲೇ ಕೂತು ಕಾರ್ಯಸೂಚಿ ಬರೆಸಿದರು: ಇದ್ದದ್ದು ಇದ್ದಂತೆ, ಇದ್ದವರು ಇದ್ದಲ್ಲಿ. ಇದರ ಎರಡನೇ ಭಾಗ ವರ್ಗಾವಣೆಗೂ ಅನ್ವಯಿಸುತ್ತದೆಂದು ತಿಳಿದ ಕೂಡಲೇ ಗಾಜುವಾಕದ ಅಷ್ಟೂ ಬ್ಯಾಂಕುಗಳ ಸಿಬ್ಬಂದಿ ಸದಸ್ಯರಾದರು. ಚಳವಳಿಗೆ ಒಂದು ಮುಖ ಬೇಕಿತ್ತು. ಮೂರು ವರ್ಷ ಮನೆ ಬಿಟ್ಟು ಕದಲದ ಅನ್ನಪೂರ್ಣಮ್ಮನವರನ್ನು ‘ಜೀವಂತ ಪರಂಪರೆ’ ಎಂದು ಘೋಷಿಸಲಾಯಿತು. ಅವರ ಫೋಟೋ ಹಾಕಿಸಿ ಬ್ಯಾನರು ಮಾಡಿಸಿದೆವು. ಫೋಟೋದಲ್ಲಿ ಅವರು ಬಾಲ್ಕನಿಯಿಂದ ಬುಟ್ಟಿ ಇಳಿಸುತ್ತಿದ್ದಾರೆ.

ವಾರ್ಡಿನ ಚುನಾವಣೆ ಬರುತ್ತದೆಂಬ ಸುದ್ದಿ ಹಬ್ಬಿದ್ದೇ ತಡ, ಆಕಾಂಕ್ಷಿಗಳು ಬೆವರು ಸುರಿಸುತ್ತ ನಾಲ್ಕು ಮಹಡಿ ಹತ್ತಿ ಅಮ್ಮನವರಿಗೆ ಶಾಲು ಹೊದಿಸಿ ಕಾಲಿಗೆ ಬೀಳತೊಡಗಿದರು. ಒಬ್ಬರು ಗೆದ್ದರೆ ಏನೂ ಮಾಡುವುದಿಲ್ಲವೆಂದು ಬರೆದುಕೊಟ್ಟರು. ಅನಿಲ್‌ಕುಮಾರ್ ಎಂಬವರು ಒಂದು ಹೆಜ್ಜೆ ಮುಂದೆ ಹೋಗಿ, ಗೆದ್ದರೆ ವಾರ್ಡಿನ ಕಡೆ ತಲೆಯನ್ನೂ ಹಾಕುವುದಿಲ್ಲವೆಂದು ಪ್ರಮಾಣ ಮಾಡಿದರು. ವೇದಿಕೆಯ ಬೆಂಬಲ ಅನಿಲ್‌ಕುಮಾರರಿಗೆ ಸಿಕ್ಕಿತು. ಅಮ್ಮ ಎಲ್ಲರಿಗೂ ಒಂದೇ ಮಾತು ಹೇಳಿದರು: “ಲಿಫ್ಟ್ ಒಂದು ರಿಪೇರಿ ಮಾಡಿಸಪ್ಪ.” ಅವರಿಗೆ ತೆಲುಗು ಅಷ್ಟಕ್ಕಷ್ಟೆ. ಅನುವಾದದ ಹೊಣೆ ನನ್ನದಾಗಿತ್ತು. “ಅಮ್ಮನವರು ಆಶೀರ್ವಾದ ಮಾಡಿದರು” ಎಂದೆ.

ಈಗ ಆ ಮಂಗಳವಾರದ ಘಟನೆಗೆ ಬರುತ್ತೇನೆ. ಇದನ್ನು ಬಿಟ್ಟು ಬರೆಯಲು ಅಧ್ಯಕ್ಷರ ಸೂಚನೆ ಇತ್ತು. ಬಿಟ್ಟರೆ ಪುಟ ಸಂಖ್ಯೆ ತಪ್ಪುತ್ತದೆ.

ಪಕ್ಕದ ಕಟ್ಟಡಕ್ಕೆ ರಾಮ್‌ಪ್ರಸಾದ್ ಎಂಬ ಲಿಫ್ಟ್ ಮೆಕ್ಯಾನಿಕ್ ಬಂದಿದ್ದ. ಅಮ್ಮ ಬಾಲ್ಕನಿಯಿಂದ ಅವನನ್ನು ಕೂಗಿ, ಬುಟ್ಟಿಯಲ್ಲಿ ಅರ್ಧ ಅಚ್ಚು ಬೆಲ್ಲ ಇಳಿಸಿ, ಕೈಸನ್ನೆಯಲ್ಲೇ ವಿಷಯ ತಿಳಿಸಿದರು. ಅವನು ಸೀದಾ ತಾರಸಿಗೆ ಹತ್ತಿ, ಯಂತ್ರದ ಕೋಣೆಯಲ್ಲಿ ಫ್ಯೂಸು ಬದಲಿಸಿದ. ಹತ್ತು ನಿಮಿಷದ ಕೆಲಸ. ಆಗ ನಾನು ರಜೆಯ ಮೇಲಿದ್ದು, ನಾಯಿ ನುಗ್ಗದಿರಲೆಂದು ಜಾಲರಿ ಬಾಗಿಲು ಎಳೆದುಕೊಂಡು ಕಚೇರಿಯಲ್ಲಿ ನಡಾವಳಿ ಬರೆಯುತ್ತಿದ್ದೆ. ಸಮಯ ಹನ್ನೊಂದು ಇಪ್ಪತ್ತು. ಕಚೇರಿ ಒಮ್ಮೆ ನಡುಗಿ ಮೇಲಕ್ಕೆ ಹೊರಟಿತು.

ನಾಲ್ಕನೇ ಮಹಡಿಯಲ್ಲಿ ನಿಂತಾಗ ಎದುರಿಗೆ ಅನ್ನಪೂರ್ಣಮ್ಮ. ಗಂಜಿ ಹಾಕಿದ ಸೀರೆ, ಕಾಲಿಗೆ ಚಪ್ಪಲಿ, ಕೈಯಲ್ಲಿ ಬ್ಯಾಗು. ಬಟನ್ನಿನ ಮೇಲಿನ ಬೆರಳು ಇನ್ನೂ ತೆಗೆದಿರಲಿಲ್ಲ.

“ಬಂತಲ್ಲಪ್ಪ” ಎಂದರು. “ಸ್ವಲ್ಪ ಸರಿದುಕೋ ರಾಮಚಂದ್ರ. ಮಧ್ಯಾಹ್ನದ ರೈಲು ಸಿಗತ್ತೆ.”

ನಾನು ಎದ್ದು ನಿಂತೆ. ಮೇಜು ಸರಿಸಿದರೆ ಒಬ್ಬರಿಗೆ ಜಾಗವಿತ್ತು. ಆದರೂ ಬಾಯಿಗೆ ಬಂದದ್ದು ಬೇರೆ. “ಅಮ್ಮ, ಇದು ಕಚೇರಿ. ಭೇಟಿಯ ವೇಳೆ ಸಂಜೆ ಐದರಿಂದ ಆರು.”

ಅವರು ನನ್ನ ಮುಖ ನೋಡಿದರು. “ಆಯ್ತು. ಐದಕ್ಕೆ ಬರ್ತೀನಿ” ಎಂದರು.

ಅಷ್ಟರಲ್ಲಿ ಅಶೋಕ ಸಾರ್ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದರು. ಕಚೇರಿ ಕಾಣೆಯಾಗಿದೆಯೆಂದು ವಾಚ್‌ಮನ್ ಬ್ಯಾಂಕಿಗೆ ಫೋನ್ ಮಾಡಿದ್ದನಂತೆ.

“ಅಮ್ಮ, ನೀನು ಒಂದು ಸಲ ಇಳಿದುಬಿಟ್ರೆ, ಇಳಿಯಲಾರರು ಅಂತ ಹೇಗಮ್ಮ ಬರೀಲಿ? ಈ ಸಲ ಅಸ್ಸಾಮಿಗೆ ಹಾಕ್ತಾರೆ.”

“ಎರಡೇ ದಿನ ಕಣೋ. ಅವಳನ್ನ ನೋಡಿ ಮತ್ತೆ ಬಂದು ಹತ್ತಿ ಕೂತ್ಕೋತೀನಿ.”

“ಸಾಮಾನ್ಯ ಸಭೆ ಕರೀಬೇಕಾಗತ್ತೆ.”

ಸಭೆಗೆ ಇಪ್ಪತ್ತೊಂದು ದಿನದ ನೋಟಿಸು ಬೇಕು. ರಾಮ್‌ಪ್ರಸಾದನಿಗೆ ಹೇಳಿ ಕಚೇರಿಯನ್ನು ಕೆಳಗಿಳಿಸಿ ಫ್ಯೂಸು ಕೀಳಿಸಲಾಯಿತು. ಅವನು ಅದನ್ನು ನನ್ನ ಕೈಗಿಟ್ಟು “ಮೀ ಇಷ್ಟಂ ಸಾರ್” ಎಂದು ತಲೆ ಅಲ್ಲಾಡಿಸಿದ. ನಿಮ್ಮಿಷ್ಟ ಎಂದರ್ಥ. ಬೆಲ್ಲವನ್ನು ಅಮ್ಮನ ಬಾಗಿಲಲ್ಲಿಟ್ಟು ಹೋದ. ಐದು ಗಂಟೆಗೆ ನಾನು ಮೇಲೆ ಹೋಗಿ ನೋಡಿದೆ. ಅಮ್ಮ ಬ್ಯಾಗು ಹಿಡಿದು ಲಿಫ್ಟಿನ ಖಾಲಿ ಕಿಂಡಿಯ ಮುಂದೆ ನಿಂತಿದ್ದರು. ನನಗೆ ನಾಚಿಕೆಯಾಯಿತು. ನಡಾವಳಿಯಲ್ಲಿ “ಭೇಟಿಗೆ ಬಂದವರು: ಒಬ್ಬರು. ಕಚೇರಿ ಸ್ಥಳದಲ್ಲಿರಲಿಲ್ಲ” ಎಂದು ಬರೆದೆ.

ಅಕ್ಕ ಬರಲಾರಳೆಂದು ತಿಳಿದ ರಾಜ್ಯಲಕ್ಷ್ಮಿಯವರು ತಾವೇ ಬರುವುದಾಗಿ ಹೇಳಿ ಕಳಿಸಿದರು. ನಾಲ್ಕು ಮಹಡಿಗೆ ಮಹಡಿಗೊಂದು ಗಂಟೆ ಕೂತು ಹತ್ತುತ್ತೇನೆಂದರು. ಶುಕ್ರವಾರದ ಬೆಳಗಿನ ರೈಲಿಗೆ ಟಿಕೆಟ್ಟೂ ಆಯಿತು. ಆದರೆ ಅವರಿರುವುದು ದಕ್ಷಿಣಾಮೂರ್ತಿಯವರ ಕಟ್ಟಡದ ಮೂರನೇ ಮಹಡಿಯಲ್ಲಿ. ಬೈಲಾ ಪ್ರಕಾರ ಪ್ರತಿ ಶಾಖೆಯೂ ಲಿಫ್ಟಿನಲ್ಲಿಯೇ ಕಚೇರಿ ಹೊಂದಿರತಕ್ಕದ್ದು. ವಿಜಯವಾಡ ಶಾಖೆಯ ಉದ್ಘಾಟನೆ ಗುರುವಾರ ನೆರವೇರಿತು. ಅಲ್ಲಿನ ಲಿಫ್ಟು ಚೆನ್ನಾಗಿಯೇ ಓಡುತ್ತಿತ್ತು. ಅದನ್ನು ನೆಲಮಹಡಿಗೆ ತಂದು, ತೆಂಗಿನಕಾಯಿ ಒಡೆದು, ಫ್ಯೂಸು ತೆಗೆದರು. ಉಬ್ಬಸದ ರಾಜ್ಯಲಕ್ಷ್ಮಿಯವರಿಗೆ ಮೂರು ವರ್ಷ ಮುಂಚಿತವಾಗಿಯೇ ‘ಜೀವಂತ ಪರಂಪರೆ’ ಬಿರುದು ಕೊಡಲಾಯಿತು. ಬಿರುದು ಪಡೆದವರು ಮೆಟ್ಟಿಲಲ್ಲಿಯೂ ಇಳಿಯತಕ್ಕದ್ದಲ್ಲವೆಂದು ಟಿಕೆಟ್ಟನ್ನು ರದ್ದು ಮಾಡಿಸಲಾಯಿತು.

ಭಾನುವಾರ ಪಟಮಟದಲ್ಲಿ ಸಮಾವೇಶ. ಮುನ್ನೂರು ಜನ. ಅಕ್ಕ ತಂಗಿಯರು ತಮ್ಮ ತಮ್ಮ ಮಹಡಿಗಳಿಂದಲೇ ಫೋನಿನಲ್ಲಿ ಮಾತಾಡುವ ಕಾರ್ಯಕ್ರಮವಿತ್ತು. ನಾನು ಎರಡು ಫೋನುಗಳನ್ನೂ ಮೈಕಿಗೆ ಹಿಡಿದಿದ್ದೆ.

“ರಾಜಿ, ನಿಂಗೂ ಶಾಲು ಹೊದಿಸಿದ್ರಾ?”

“ಹೊದಿಸಿದ್ರು ಅಕ್ಕ. ಇವರು ಬಿಡ್ತಾರಾ.”

“ಉದ್ದ ಎಷ್ಟಿದೆ?”

“ಎರಡೂವರೆ ಮೀಟರು ಇರಬಹುದು. ಯಾಕಕ್ಕ?”

“ನನ್ನ ಹತ್ರ ಐದಾಗಿದೆ. ಬುಟ್ಟಿ ಹಗ್ಗ ಸೊಪ್ಪಿಗೆ ಸರಿ, ಮನುಷ್ಯರಿಗಲ್ಲ. ಗಂಟಿಗೇ ಬೇಕಾದಷ್ಟು ಹೋಗಿಬಿಡತ್ತೆ ಕಣೆ. ನಂಗಿನ್ನೂ ಎರಡು ಬೇಕು. ನಿಂದು ಮೂರನೇ ಮಹಡಿ, ಐದು ಸಾಕು.”

“ಸರೇ ಅಕ್ಕ” ಎಂದರು ರಾಜ್ಯಲಕ್ಷ್ಮಿಯವರು.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸನ್ಮಾನ ಬೇಡವೆನ್ನುತ್ತಿದ್ದ ಹಿರಿಯರೇ ಈಗ ಶಾಲು ಕೇಳುವಷ್ಟು ವೇದಿಕೆಯನ್ನು ಒಪ್ಪಿಕೊಂಡರೆಂದು ದಕ್ಷಿಣಾಮೂರ್ತಿಯವರು ಮತ್ತೆ ಕಣ್ಣೊರೆಸಿಕೊಂಡರು. ಅಶೋಕ ಸಾರ್ ಕೂಡ ಚಪ್ಪಾಳೆ ತಟ್ಟಿದರು. ಇಬ್ಬರನ್ನೂ ತಿಂಗಳಿಗೊಮ್ಮೆ ಸನ್ಮಾನಿಸತಕ್ಕದ್ದೆಂಬ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು.

ಗಾಜುವಾಕಕ್ಕೆ ಮರಳಿ ನಿರ್ಣಯದ ಪ್ರತಿ ಕೊಡಲು ಮೇಲೆ ಹೋದಾಗ ಅಮ್ಮ ಅದನ್ನು ಓದದೆ ಮಡಿಸಿ ಬೆಲ್ಲದ ಕೆಳಗಿಟ್ಟರು. “ರೇಷ್ಮೆ ಬೇಡಪ್ಪ, ಜಾರತ್ತೆ” ಎಂದರು. “ಹತ್ತೀದು ತಗೊಂಡು ಬಾ.” ಕೋರಿಕೆಯನ್ನು ಲಿಖಿತವಾಗಿ ದಾಖಲಿಸಿಕೊಂಡೆ. ಕಾರಣ ಎಂಬ ಕಾಲಮಿನಲ್ಲಿ “ಸೆಖೆ” ಎಂದು ತುಂಬಿದೆ.

ಖರೀದಿಯ ಹೊಣೆಯನ್ನು ಕಾರ್ಯದರ್ಶಿಗೆ ವಹಿಸಲಾಗಿದೆ. ನಿನ್ನೆ ಗಾಜುವಾಕದ ಅಂಗಡಿಯಲ್ಲಿ ಹನ್ನೆರಡು ಶಾಲು ಬಿಚ್ಚಿಸಿ ನೋಡಿದೆ. ಒಂದೊಂದರ ತುದಿಯನ್ನೂ ಅಂಗಡಿಯ ಕಂಬಕ್ಕೆ ಕಟ್ಟಿ, ಇನ್ನೊಂದು ತುದಿ ಹಿಡಿದು, ಮೈಭಾರವನ್ನೆಲ್ಲ ಬಿಟ್ಟು ಜಗ್ಗಿದೆ. ಹರಿಯದೆ ಉಳಿದ ಎರಡನ್ನು ಕಟ್ಟಿಸಿಕೊಂಡು ಬಂದಿದ್ದೇನೆ.