ನಲ್ಲಿಯಲ್ಲಿ ಬಂದ ಮೀನು

ನೀರು ಸರಬರಾಜು ಕಚೇರಿಯಲ್ಲಿ ಟೈಪ್ ಮಾಡುವವನಿಗೂ ಊರಿನ ನಲ್ಲಿಗಳಿಗೂ ಇರುವ ಸಂಬಂಧ, ಅಂಚೆಯವನಿಗೂ ಪ್ರೇಮಪತ್ರಕ್ಕೂ ಇರುವಷ್ಟೇ. ಆದರೆ ವಠಾರದ ಹನ್ನೊಂದು ಮನೆಗಳವರು ಇದನ್ನು ಒಪ್ಪಿರಲಿಲ್ಲ. ಯಾರ ಮನೆಯ ನಲ್ಲಿ ತೊಟ್ಟಿಕ್ಕಿದರೂ, ಬರಿ ಗಾಳಿ ಬಿಟ್ಟರೂ, ಅವರು ಬಂದು ಬಡಿಯುತ್ತಿದ್ದುದು ಟೈಪಿಸ್ಟನ ಬಾಗಿಲನ್ನೇ.

ಅವತ್ತು ಬೆಳಿಗ್ಗೆ ಅವನ ಅರ್ಧ ಗಡ್ಡ ಹೋಗಿ ಇನ್ನರ್ಧ ಉಳಿದಿದ್ದಾಗ ಮಹಡಿಯ ಅಜ್ಜಿ ಬಕೆಟ್ ಹಿಡಿದು ಬಂದರು.

"ನೋಡಪ್ಪಾ, ನಿಮ್ಮ ಆಫೀಸಿನವರು ನನಗೆ ಏನು ಕಳಿಸಿದ್ದಾರೆ ಅಂತ."

ತಳದಲ್ಲಿ ಕಿರುಬೆರಳುದ್ದದ ಮೀನೊಂದು ಅಂಟಿಕೊಂಡಿತ್ತು. ಕಂದು ಮೈ, ಮೇಲೆಲ್ಲ ಕಪ್ಪು ಮಚ್ಚೆ, ಬಾಯಿಯ ಸುತ್ತ ಪುಟ್ಟ ಮೀಸೆಗಳು. ಬಕೆಟ್ ಅಲುಗಿಸಿದರೂ ಅದು ಕದಲಲಿಲ್ಲ. ಖಾಲಿ ಮಾಡಲೊಲ್ಲದ ಬಾಡಿಗೆದಾರನಂತೆ ಕೂತೇ ಇತ್ತು.

ಅಷ್ಟರಲ್ಲಿ ಎದುರುಮನೆಯ ನಿವೃತ್ತ ಮೇಷ್ಟ್ರು ಬಂದು ಇಣುಕಿದರು. "ಇವತ್ತು ಮೀನು, ನಾಳೆ ಮೊಸಳೆ. ನಿಮ್ಮ ಸಾಹೇಬರು ಸಂಜೆಯೊಳಗೆ ಉತ್ತರ ಕೊಡದಿದ್ರೆ ಪತ್ರಿಕೆಗೆ ಬರೀತೀನಿ. ನಿನ್ನ ಹೆಸರೂ ಹಾಕ್ತೀನಿ."

"ನನ್ನ ಹೆಸರು ಯಾಕೆ ಮೇಷ್ಟ್ರೇ? ನಾನು ಟೈಪ್ ಮಾಡೋನು."

"ಮತ್ತೆ ನಮಗೆ ಇನ್ಯಾರ ಹೆಸರು ಗೊತ್ತು?"

ಟೈಪಿಸ್ಟ್ ಮೀನನ್ನು ಡಬ್ಬಿಗೆ ಹಾಕಿಕೊಂಡು ಬಸ್ಸು ಹತ್ತಿದ. ತಿರುವಿನಲ್ಲಿ ಬಸ್ಸು ಗಕ್ಕನೆ ನಿಂತಾಗ ಡಬ್ಬಿಯ ಅರ್ಧ ನೀರು ಅವನ ಪ್ಯಾಂಟಿನ ಪಾಲಾಯಿತು. ಮೀನು ಮಾತ್ರ ತಳ ಬಿಡಲಿಲ್ಲ. ಪಕ್ಕದವರು ಅವನ ಒದ್ದೆ ಪ್ಯಾಂಟನ್ನೊಮ್ಮೆ ನೋಡಿ, ಏನೂ ಕೇಳದೆ ಎದ್ದು ಬೇರೆ ಸೀಟಿಗೆ ಹೋದರು.

ಕಚೇರಿಯಲ್ಲಿ ಹೆಡ್ ಕ್ಲರ್ಕು ಡಬ್ಬಿ ನೋಡಿ ತಲೆ ಚಚ್ಚಿಕೊಂಡರು. "ದಾರಿಯಲ್ಲೇ ಚೆಲ್ಲಿ ಬರೋದಲ್ವೇನಯ್ಯಾ? ಮಾರಿಯನ್ನ ಮನೆಗೆ ಕರ್ಕೊಂಡು ಬಂದಿದ್ದೀಯಲ್ಲ."

ಮೇಷ್ಟ್ರ ಬೆದರಿಕೆಯವರೆಗೂ ಕೇಳಿಸಿಕೊಂಡ ಸಾಹೇಬರು ಡಬ್ಬಿಯನ್ನೂ ಅವನನ್ನೂ ಒಂದೇ ದೃಷ್ಟಿಯಿಂದ ನೋಡಿದರು. "ನಮ್ಮ ಪೈಪಿನಲ್ಲಿ ಮೀನು ಬರೋದಿಲ್ಲ. ಬಂತು ಅಂತ ವಠಾರದ ತುಂಬ ಹಬ್ಬಿಸಿದ್ದು ನೀನು. ಕೂತ್ಕೋ, ಒಂದು ನೋಟೀಸು ಬರೆಸ್ತೀನಿ."

ಕೂತ. ಬರೆದುಕೊಂಡ. ಎರಡನೆಯ ಸಾಲಿಗೆ ಬಂದಾಗ, ಅದು ತನ್ನನ್ನೇ ಕೆಲಸದಿಂದ ತಾತ್ಕಾಲಿಕವಾಗಿ ತೆಗೆಯುವ ನೋಟೀಸು ಎಂದು ತಿಳಿಯಿತು. ಕಚೇರಿಯಲ್ಲಿ ಬೇರೆ ಟೈಪಿಸ್ಟ್ ಇರಲಿಲ್ಲ. ಹನ್ನೆರಡು ವರ್ಷ ಒಂದಕ್ಷರ ತಪ್ಪದ ಬೆರಳುಗಳು ತನ್ನ ಹೆಸರು ಹೊಡೆಯುವಾಗ ಎರಡು ಸಲ ತಪ್ಪಿದವು. ತಿದ್ದಿ, ಸಹಿಗೆ ಇಟ್ಟ.

ಅದೇ ಹೊತ್ತಿಗೆ ವಾಲ್ವು ತಿರುಗಿಸುವ ಮುದುಕ ರಜೆ ಕೇಳಲು ಒಳಗೆ ಬಂದ. ಡಬ್ಬಿಯೊಳಗೆ ನೋಡಿ ಅವನ ಮುಖ ಅರಳಿತು.

"ಅಯ್ಯೋ, ಇದು ನಮ್ಮ ಮೇಲಿನ ಹೊಳೆಯ ಮೀನು ಸ್ವಾಮಿ. ಕಲ್ಲು ಕಚ್ಚಿಕೊಂಡೇ ಬದುಕೋದು. ನೀರು ಜೋರಾಗಿ ಹರೀಬೇಕು, ಕನ್ನಡಿ ಹಾಗೆ ತಿಳಿಯಾಗಿರ್ಬೇಕು. ಒಂಚೂರು ಕೆಟ್ಟರೂ ಸತ್ತೇ ಹೋಗುತ್ತೆ."

ಸಾಹೇಬರ ಪೆನ್ನು ಗಾಳಿಯಲ್ಲೇ ನಿಂತಿತು. "ತಿಳಿನೀರಲ್ಲಿ ಮಾತ್ರ ಬದುಕುತ್ತಾ?"

"ಹೂಂ ಸ್ವಾಮಿ."

ಸಾಹೇಬರು ನೋಟೀಸನ್ನು ನಾಲ್ಕು ಚೂರು ಮಾಡಿದರು. "ಹೊಸ ಹಾಳೆ ಹಾಕಯ್ಯಾ. ನಮ್ಮ ನೀರು ಎಷ್ಟು ಶುದ್ಧವೆಂದರೆ, ತಿಳಿನೀರಿಲ್ಲದೆ ಬದುಕದ ಮೀನೂ ಜೀವಂತವಾಗಿ ನಲ್ಲಿಯವರೆಗೆ ಬಂದಿದೆ ಅಂತ ಬರಿ. ಇಪ್ಪತ್ತು ಪ್ರತಿ ತೆಗಿ."

ಟೈಪಿಸ್ಟ್ ಇಪ್ಪತ್ತೈದು ತೆಗೆದ. ಮೀನಿನ ಡಬ್ಬಿಯನ್ನು ಮುದುಕ ತನ್ನ ತೂಗುಚೀಲದಲ್ಲಿ ಜೋಪಾನವಾಗಿಟ್ಟುಕೊಂಡು, ಹೊಳೆಗೆ ಬಿಡಲು ಹೊರಟ.

ಸಂಜೆ ಪ್ರಕಟಣೆಯನ್ನು ವಠಾರದ ಗೋಡೆಗೆ ಅಂಟಿಸಿದಾಗ ಮೇಷ್ಟ್ರು ಅದನ್ನು ಎರಡು ಸಲ ಓದಿ ಒಳಗೆ ಹೋದರು. ಅಜ್ಜಿಗಂತೂ ತಮ್ಮ ಮನೆಗೇ ರಾಜಮರ್ಯಾದೆ ಸಿಕ್ಕಂತಾಯಿತು. ಟೈಪಿಸ್ಟ್ ಕಾಲು ಚಾಚಿ ಕುರ್ಚಿಯಲ್ಲಿ ಕೂತ. ಎಷ್ಟೋ ವರ್ಷಗಳಿಂದ ಅವನು ಹೀಗೆ ನಿರಾಳವಾಗಿ ಉಸಿರಾಡಿರಲಿಲ್ಲ.

ಐದು ನಿಮಿಷವಾಗಿರಬೇಕು, ಬಾಗಿಲು ಸದ್ದಾಯಿತು. ಕೆಳಮನೆಯ ದರ್ಜಿ ಬಕೆಟ್ ಹಿಡಿದು ನಿಂತಿದ್ದ. ಅವನ ಹಿಂದೆ ಮೆಟ್ಟಿಲುದ್ದಕ್ಕೂ ಬಕೆಟ್ಟುಗಳು.

"ಗೋಡೆ ಮೇಲಿನದು ಓದಿದಾಗಿನಿಂದ ನಲ್ಲಿ ಬಿಟ್ಟುಕೊಂಡು ಕೂತಿದ್ದೀನಿ," ಎಂದ ದರ್ಜಿ. "ಒಂದು ಮೀನೂ ಬರ್ಲಿಲ್ಲ. ಅಜ್ಜಿಗೆ ಮಾತ್ರ ಒಳ್ಳೇ ನೀರು, ನಮಗೆಲ್ಲ ಕೊಳೆ ನೀರಾ?"

"ನಮಗೂ ಬರ್ಲಿಲ್ಲ," ಎಂದಿತು ಮೆಟ್ಟಿಲು.

ಟೈಪಿಸ್ಟ್ ನೆರವಿಗಾಗಿ ಹೆಂಡತಿಯತ್ತ ತಿರುಗಿದ. ಅವಳು ಅಡುಗೆಮನೆಯ ನಲ್ಲಿಯ ಕೆಳಗೆ ಪಾತ್ರೆ ಹಿಡಿದು ಬಗ್ಗಿ ನೋಡುತ್ತಿದ್ದಳು.

"ಅವರಿಗೆ ಆಮೇಲೆ ಹೇಳೋರಂತೆ," ಎಂದಳು ತಲೆಯೆತ್ತದೆ. "ಹನ್ನೆರಡು ವರ್ಷ ಅದೇ ಆಫೀಸಿನಲ್ಲಿ ದುಡಿದು, ಸ್ವಂತ ಮನೆಗೆ ಒಂದು ಮೀನು ತರಿಸೋಕಾಗ್ಲಿಲ್ವಲ್ಲಾರೀ ನಿಮಗೆ."