ನಾಲ್ಕು ಬೆರಳು ಸುಟ್ಟ ಕೋಲು

ಮಿಸೆಸ್ ಪೈಕ್ ಅವರ ಬೆಕ್ಕು ಜಗಲಿಯ ಕಿಟಕಿ ಕೆಳಗೆ ಮಲಗಿದ್ದೇ ಎಲ್ಲ ತಾಪತ್ರಯಕ್ಕೂ ಮೂಲವಾಯಿತು. ಬೇರೆ ಯಾವ ವರ್ಷವೂ ಅಲ್ಲಿ ಬೆಕ್ಕು ಮಲಗುವಷ್ಟು ಜಾಗ ಇದ್ದದ್ದಿಲ್ಲ.

"ನೀನೇ ನೋಡು ಎಲ್ಡನ್," ಎಂದರು ಮಿಸೆಸ್ ಪೈಕ್. ಎಂಬತ್ತು ದಾಟಿದ ಈ ವಿಧವೆ ಸೌದೆ ಮಾರುವ ಎಲ್ಡನ್ ಟಾಟ್ರೋನನ್ನು ಬೆಳಿಗ್ಗೆ ಬೆಳಿಗ್ಗೆಯೇ ಫೋನು ಮಾಡಿ ಕರೆಸಿ, ತಪ್ಪು ಮಾಡಿದ ಹುಡುಗನ ಹಾಗೆ ತಮ್ಮ ಜಗಲಿಯಲ್ಲಿ ನಿಲ್ಲಿಸಿಕೊಂಡಿದ್ದರು. "ನಿಮ್ಮಪ್ಪನ ಕಾಲದಿಂದ ನಿಮ್ಮನೆ ಸೌದೇನೇ ತಗೊಳ್ತಿದೀನಿ. ಒಂದು ಕೋರ್ಡ್ ಅಂದ್ರೆ ಆ ಮೂಲೇಲಿ ಶುರುವಾಗಿ ಈ ಕಿಟಕಿ ಚೌಕಟ್ಟು ಮುಟ್ಬೇಕು. ಪ್ರತಿ ವರ್ಷ ಮುಟ್ತಿತ್ತು. ಈ ಸಲ ಡೀಕನ್ ಕಾಲು ಚಾಚ್ಕೊಂಡು ಮಲಗಿದಾನೆ."

ಡೀಕನ್ ಎಂದರೆ ಬೆಕ್ಕು. ಹಂಡೆಯಂಥ ಹೊಟ್ಟೆಯ ಕಂದು ಗಂಡುಬೆಕ್ಕು.

ಎಂಟಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಎತ್ತರಕ್ಕೆ ಒತ್ತಾಗಿ ಪೇರಿಸಿದ ಸೌದೆಗೆ ಅಮೆರಿಕದ ವರ್ಮಾಂಟಿನ ಕಡೆ ಒಂದು ಕೋರ್ಡ್ ಎನ್ನುತ್ತಾರೆ. ಒತ್ತಾಗಿ ಎನ್ನುವುದೇ ಮುಖ್ಯ. ನಡುವೆ ಸಂದಿ ಬಿಟ್ಟು ಗಾಳಿ ಮಾರುವ ಸೌದೆಯವರು ಎಲ್ಲ ಕಡೆಯೂ ಇದ್ದಾರೆ. ಅದಕ್ಕೇ ಮಿಸೆಸ್ ಪೈಕ್, ಸೌದೆ ಪೇರಿಸಿ ಮುಗಿದ ಕೂಡಲೇ ಡೀಕನನ್ನು ಎತ್ತಿ ಒಟ್ಟಿಲಿನ ಸಂದಿಗೆ ತಳ್ಳಿ ನೋಡುತ್ತಿದ್ದರು. ಬೆಕ್ಕು ಒಳಗೆ ನುಸುಳಿದರೆ ಮಾರಿದವನು ಮೋಸಗಾರ. ಟಾಟ್ರೋ ಮನೆಯ ಸೌದೆಯಲ್ಲಿ ಅದು ಮೂತಿಯನ್ನೂ ತೂರಿಸಲಾಗದೆ ಮುಖ ಸಿಂಡರಿಸಿಕೊಂಡು ವಾಪಸು ಬರುತ್ತಿತ್ತು.

"ಒತ್ತಾಗೇನೋ ಪೇರಿಸಿದೀನಲ್ಲ ಮಿಸೆಸ್ ಪೈಕ್?"

"ಒತ್ತಾಗಿದೆಯಪ್ಪ, ಇಲ್ಲ ಅಂದವರು ಯಾರು. ಆದ್ರೆ ಕಡಿಮೆ ಇದೆ. ಹತ್ತಿರ ಹತ್ತಿರ ಒಂದು ಗೇಣು." ಅವರು ದನಿ ತಗ್ಗಿಸಿದರು. "ನಾನಂತೂ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ಬೇರೆ ಯಾರೋ ಬಿಟ್ಟಿರಬೇಕು. ಸರ್ಕಾರದ ಅಳತೆ ಆಫೀಸರ್ ಬಂದಿದಾನಂತೆ. ಲೂಸಿಯನ್ ಅಂಗಡೀಲಿ ಕಾಫಿ ಕುಡೀತಾ ಕೂತಿದಾನಂತೆ."

ನವೆಂಬರ್ ಚಳಿಯಲ್ಲೂ ಎಲ್ಡನ್‌ನ ಕತ್ತಿನ ಹಿಂದೆ ಬೆವರೊಡೆಯಿತು.

ಮನೆಗೆ ಓಡಿ ಬಂದವನೇ ಸೌದೆ ಮನೆಯ ಬಾಗಿಲ ಹಿಂದಿದ್ದ ಅಳತೆ ಕೋಲನ್ನು ಬೆಳಕಿಗೆ ಹಿಡಿದ. ಅದು ಅವನಪ್ಪ ಆರ್ವಿಲ್ ಟಾಟ್ರೋ ಕೆತ್ತಿದ ಕೋಲು. ಎತ್ತರಕ್ಕೂ ಅಗಲಕ್ಕೂ ಒಂದೊಂದು ಕೋಲು, ಉದ್ದಕ್ಕೆ ಎರಡು ಕೋಲು, ಕೋರ್ಡ್ ಆಯಿತು. ಒಂದು ತುದಿಯಲ್ಲಿ ಅಪ್ಪ ತನ್ನ ಹೆಸರಿನ ಎರಡು ಅಕ್ಷರ ಕೊರೆದಿದ್ದ. ಈಗ ಅಲ್ಲಿ ಒಂದಕ್ಷರ ಇರಲೇ ಇಲ್ಲ, ಇನ್ನೊಂದು ಅರ್ಧ ಇತ್ತು. ಉಳಿದದ್ದು ಇದ್ದಿಲು.

ಆಗ ಅವನಿಗೆ ನೆನಪಾಯಿತು. ಮಾರ್ಚ್ ತಿಂಗಳಲ್ಲಿ ಸಿಹಿ ಪಾಕಕ್ಕೆಂದು ಮೇಪಲ್ ಮರದ ರಸ ಕಾಯಿಸುವಾಗ ಬಾಣಲೆ ಉಕ್ಕಲು ಹೊರಟಿತ್ತು. ಒಲೆ ಕೆದಕುವ ಸಲಾಕೆ ಕೈಗೆ ಸಿಗಲಿಲ್ಲ. ಸಿಕ್ಕಿದ್ದು ಈ ಕೋಲು. ಅದರಲ್ಲೇ ಕೆಂಡ ಹೊರಗೆಳೆದ, ರಸ ಉಳಿಯಿತು, ಕೋಲಿನ ತುದಿಯನ್ನು ಹಿಮದಲ್ಲಿ ಅದ್ದಿ ಮರೆತೇಬಿಟ್ಟ. ನಾಲ್ಕು ಬೆರಳಷ್ಟು ಸುಟ್ಟಿತ್ತು. ಅದೇ ಕೋಲಿನಲ್ಲಿ ಈ ವರ್ಷದ ಸೌದೆಯನ್ನೆಲ್ಲ ಅಳೆದಿದ್ದ.

"ವರ್ನಾ, ನಾವು ಹಾಳಾದ್ವಿ," ಎಂದು ಹೆಂಡತಿಗೆ ಕೋಲು ತೋರಿಸಿದ.

ವರ್ನಾ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ನೋಡಿದಳು. "ಲಾರೀಲಿ ಟೇಪ್ ಇದೆಯಲ್ಲ. ಎಷ್ಟಿದೆ ಅಂತ ಅಳೆದು ನೋಡು."

"ಏನನ್ನ?"

"ಕೋಲನ್ನ."

"ಅಪ್ಪನ ಕೋಲನ್ನ ಟೇಪಲ್ಲಿ ಅಳೆಯೋದಾ?" ಎಲ್ಡನ್‌ಗೆ ಭಯದ ನಡುವೆಯೂ ಸಿಟ್ಟು ಬಂತು. "ಟೇಪುಗಳನ್ನ ನಂಬಬೇಡ, ಕೋಲು ನಂಬು ಅಂತ ಅಪ್ಪ ಸಾಯೋ ತನಕ ಹೇಳಿದ್ರು ಕಣೇ. ಇದರಲ್ಲಿ ಅಳೆಯೋದೇನಿದೆ? ಅಕ್ಷರಾನೇ ಸುಟ್ಟುಹೋಗಿದೆ, ಕಾಣ್ಸಲ್ವಾ?"

ಆ ಊರಿನಲ್ಲಿ ಯಾರಾದರೂ ನೆಟ್ಟಗಿನ ಮನುಷ್ಯನಾದರೆ ಅವನನ್ನು 'ಟಾಟ್ರೋ ಕೋರ್ಡ್' ಎನ್ನುತ್ತಿದ್ದರು. ಆರ್ವಿಲ್ ಸತ್ತಾಗ ಪಾದ್ರಿಗಳು ದೇವರ ವಿಷಯ ಎರಡು ಮಾತು ಆಡಿ, ಉಳಿದ ಹೊತ್ತೆಲ್ಲ ಸೌದೆಯ ಅಳತೆಯನ್ನೇ ಹೊಗಳಿದ್ದರು. ಎಲ್ಡನ್‌ಗೆ ಅಪ್ಪ ಬಿಟ್ಟುಹೋದ ಆಸ್ತಿ ಎಂದರೆ ಒಂದು ಕಾಡಿನ ತುಂಡು ಮತ್ತು ಆ ಹೆಸರು. ಕಾಡು ಮತ್ತೆ ಬೆಳೆಯುತ್ತದೆ, ಹೆಸರು ಬೆಳೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಸುದ್ದಿ ನಿಜವೋ ಸುಳ್ಳೋ ನೋಡೋಣವೆಂದು ಲೂಸಿಯನ್ ಅಂಗಡಿಗೆ ಹೋದ. ಅಂಗಡಿಯ ಒಲೆಯ ಪಕ್ಕ ಊರಿನ ಕಾನ್‌ಸ್ಟೇಬಲ್ ಬರ್ಟ್ ಕೋಲ್ಬಿ ಕೂತು ಡೋನಟ್ ತಿನ್ನುತ್ತಿದ್ದ. ಆ ಊರಿನಲ್ಲಿ ಕಳ್ಳತನವೇ ಆಗುತ್ತಿರಲಿಲ್ಲವಾದ್ದರಿಂದ ಬರ್ಟ್‌ಗೆ ಬೇರೆ ಕೆಲಸವಿರಲಿಲ್ಲ.

"ಈಗ ತಾನೇ ಹೊರಗೆ ಹೋದ," ಎಂದ ಲೂಸಿಯನ್, ಎಲ್ಡನ್ ಕೇಳುವ ಮೊದಲೇ. "ಸ್ಟಿಮ್ಸನ್ ಅಂತ ಹೆಸರು. ಬೂದಿ ಬಣ್ಣದ ಕೋಟು, ನಗೋದೇ ಇಲ್ಲ. ಬಂದಾಗಿಂದ ಸೌದೆ ವಿಚಾರಾನೇ ಕೇಳ್ತಿದಾನೆ ಕಣೋ. ನಾನೇನೂ ಹೇಳ್ಲಿಲ್ಲಪ್ಪ. ಯಾರ್ಯಾರ ಮನೇಲಿ ನಿನ್ನ ಸೌದೆ ಇದೆ ಅಂತ ಮಾತ್ರ ಹೇಳ್ದೆ."

"ಅಷ್ಟು ಸಾಲ್ದಾ," ಎಂದ ಎಲ್ಡನ್.

"ಪಕ್ಕದ ಕಣಿವೇಲಿ ಒಬ್ಬ ಇದ್ನಲ್ಲ, ಅಳತೇಲಿ ಕಡಿಮೆ ಕೊಟ್ಟೋನು," ಎಂದು ಬರ್ಟ್ ಆರಾಮಾಗಿ ಶುರು ಮಾಡಿದ. "ಪೇಪರ್‌ನಲ್ಲಿ ಹೆಸರು ಹಾಕಿದ್ರು. ಊರಿನ ಸಭೇಲಿ ಎಲ್ಲರ ಮುಂದೆ ಓದಿದ್ರು. ಹೆಂಡ್ತಿ ತವರಿಗೆ ಹೋದ್ಳು. ನಾಯಿ ಕೂಡ ಅವಳ ಜೊತೇಲೇ ಹೋಯ್ತಂತೆ. ನಿನಗ್ಯಾಕೆ ಬಿಡು, ನಿಂದು ಟಾಟ್ರೋ ಅಳತೆ."

ಎಲ್ಡನ್‌ಗೆ ನಾಯಿಯ ವಿಷಯ ತುಂಬ ನಾಟಿತು. ಅವನ ನಾಯಿಯೂ ವರ್ನಾಳನ್ನೇ ಹೆಚ್ಚು ಹಚ್ಚಿಕೊಂಡಿತ್ತು.

ಆಫೀಸರ್ ಬರುವ ಮೊದಲೇ ಕೊರತೆ ತುಂಬಿಬಿಡಬೇಕು. ಇದೊಂದೇ ದಾರಿ. ಆದರೆ ಮಾರಲು ಇಟ್ಟಿದ್ದ ಮರವೆಲ್ಲ ಹಸಿ, ಬರುವ ವರ್ಷಕ್ಕೆ ಒಣಗಬೇಕಾದದ್ದು. ಒಣಗಿದ್ದೆಂದರೆ ತನ್ನ ಮನೆಯ ಚಳಿಗಾಲಕ್ಕೆಂದು ಎತ್ತಿಟ್ಟುಕೊಂಡದ್ದು ಮಾತ್ರ. ಕೋಲನ್ನು ಲಾರಿಯಲ್ಲಿ ಹಾಕಿಕೊಂಡು ಅದನ್ನೇ ತುಂಬತೊಡಗಿದ.

"ಅದನ್ನೂ ಕೊಟ್ಟು ನಾವೇನು ಉರಿಸೋದು?" ಎಂದಳು ವರ್ನಾ.

"ಮಾನ ಹೋದ್ಮೇಲೆ ಬೆಚ್ಚಗಿದ್ದು ಏನ್ಮಾಡ್ತೀಯ?"

"ಮಾನ ಇದ್ರೂ ಕಾಲು ಹೆಪ್ಪುಗಟ್ಟುತ್ತೆ ಎಲ್ಡನ್," ಎಂದಳು ಅವಳು. ಅವನು ಕೇಳಿಸಿಕೊಳ್ಳಲಿಲ್ಲ.

ಪಾದ್ರಿಗಳ ಮನೆಯ ಹಿಂದೆ ಯಾರೂ ಇರಲಿಲ್ಲ. ಒಟ್ಟಿಲಿನ ಮೇಲೆ ಒಂದು ವರಸೆ, ತುದಿಗೆ ಒಂದು ವರಸೆ ಸೇರಿಸಿ, ಎಲೆ ಅಲ್ಲಾಡಿದರೂ ಬೆಚ್ಚುತ್ತ ಅಲ್ಲಿಂದ ಕಾಲ್ತೆಗೆದ. ಡಾಕ್ಟರ ಮನೆಯಲ್ಲಿ ಹಾಗೇ ಮಾಡುವಾಗ ಬೂದಿ ಬಣ್ಣದ ಕೋಟೊಂದು ಕಂಡಂತಾಗಿ ಒಟ್ಟಿಲಿನ ಹಿಂದೆ ಬೋರಲು ಬಿದ್ದ. ಅದು ಒಣಗಲು ಹಾಕಿದ್ದ ಡಾಕ್ಟರ ಕೋಟು. ಮೂರನೆಯದು ಶಾಲೆಯ ಟೀಚರಮ್ಮನ ಮನೆ. ಅಲ್ಲಿ ತೋಳು ತುಂಬ ಸೌದೆ ಹಿಡಿದು ತಿರುಗಿದರೆ ಎದುರಿಗೆ ಬರ್ಟ್ ನಿಂತಿದ್ದ.

"ಮನೇಲಿ ಯಾರೂ ಇಲ್ಲದ ಹೊತ್ತಲ್ಲಿ ಸೌದೆ ಹಿಡ್ಕೊಂಡು ಏನಯ್ಯ ಮಾಡ್ತಿದೀಯ?"

"ಇಡ್ತಿದೀನಿ."

"ಇಟ್ಟು ಹೋಗೋ ಕಳ್ಳನ್ನ ನಾನಿನ್ನೂ ನೋಡಿಲ್ಲ," ಎಂದ ಬರ್ಟ್. ಜೀವಮಾನದಲ್ಲಿ ಸಿಕ್ಕ ಮೊದಲ ಅಪರಾಧ ಕೈಜಾರುವುದು ಅವನಿಗೆ ಇಷ್ಟವಿರಲಿಲ್ಲ. "ಮಾರಿದ್ದನ್ನ ಹಿಂದಿನಿಂದ ಬಂದು ವಾಪಸ್ ತಗೊಂಡ್ ಹೋಗ್ತಿದೀಯ ತಾನೇ? ನಿಜ ಹೇಳಿಬಿಡು."

ನಿಜ ಹೇಳಿದರೆ ಅಳತೆಯ ಮಾತು ಹೊರಬರುತ್ತದೆ. ಸೌದೆ ಕಳ್ಳನೆಂದರೆ ತನ್ನೊಬ್ಬನ ಹೆಸರು ಕೆಡುತ್ತದೆ, ಅಳತೆ ಕಳ್ಳನೆಂದರೆ ಮಣ್ಣಿನೊಳಗಿರುವ ಅಪ್ಪನದೂ ಕೆಡುತ್ತದೆ. ಎಲ್ಡನ್ ಎರಡನ್ನೂ ತೂಗಿ ನೋಡಿ ತಲೆ ತಗ್ಗಿಸಿದ.

"ಹಾಗೇ ಅಂದ್ಕೋ," ಎಂದ.

ಬರ್ಟ್‌ಗೆ ಎಷ್ಟು ಸಂತೋಷವಾಯಿತೆಂದರೆ ಹಿಡಿದುಕೊಳ್ಳುವುದನ್ನೇ ಮರೆತು, ಮೊದಲು ಸುದ್ದಿ ಹೇಳಲು ಲೂಸಿಯನ್ ಅಂಗಡಿಗೆ ಓಡಿದ.

ಸಂಜೆ ಕತ್ತಲಾಗುವ ಹೊತ್ತಿಗೆ ಉಳಿದದ್ದು ಮಿಸೆಸ್ ಪೈಕ್ ಅವರ ಮನೆಯೊಂದೇ. ಆ ದಿನ ಚರ್ಚಿನಲ್ಲಿ ವರ್ಷಕ್ಕೊಮ್ಮೆಯ ಬೀನ್ಸ್ ಊಟ. ಅವರು ಅದನ್ನು ಯಾವ ವರ್ಷವೂ ತಪ್ಪಿಸಿದವರಲ್ಲ. ಎಲ್ಡನ್ ಬೆಕ್ಕಿನ ಹೆಜ್ಜೆಯಲ್ಲಿ ಜಗಲಿ ಹತ್ತಿ, ಬೇಗ ಬೇಗ ಪೇರಿಸಿದ. ಸೌದೆ ಕಿಟಕಿಯ ಚೌಕಟ್ಟು ಮುಟ್ಟಿತು. ದೊಡ್ಡ ಉಸಿರು ಬಿಟ್ಟ. ಆ ಉಸಿರಿಗೆ ಉತ್ತರವೆಂಬಂತೆ ಒಟ್ಟಿಲಿನ ಒಳಗಿಂದ 'ಮಿಯಾಂವ್' ಎಂದು ಕೇಳಿಸಿತು.

ಅವಸರದಲ್ಲಿ ಡೀಕನನ್ನೂ ಸೇರಿಸಿ ಪೇರಿಸಿಬಿಟ್ಟಿದ್ದ.

"ಸುಮ್ನಿರೋ, ದಮ್ಮಯ್ಯ," ಎಂದು ಬೇಡಿಕೊಳ್ಳುತ್ತ ಸೌದೆ ಕೀಳತೊಡಗಿದ. ಬೆಕ್ಕು ರಾಗ ಏರಿಸಿತು. ಕೊನೆಯ ಸೌದೆ ಎಳೆದಾಗ ಅದು ಅವನ ಮುಖದ ಮೇಲಿಂದಲೇ ಹಾರಿ ಹೋಯಿತು. ಅದೇ ಗಳಿಗೆಗೆ ಅಂಗಳದಲ್ಲಿ ಲೂಸಿಯನ್ ಲಾರಿ ಬಂದು ನಿಂತು ದೀಪದ ಬೆಳಕು ನೇರ ಅವನ ಮೇಲೆ ಬಿತ್ತು. ತೋಳು ತುಂಬ ಸೌದೆ, ಕೆನ್ನೆ ತುಂಬ ಪರಚು, ಎಲ್ಡನ್ ನಿಂತಲ್ಲೇ ನಿಂತ.

ಲಾರಿಯಿಂದ ಬರ್ಟ್ ಇಳಿದ, ಲೂಸಿಯನ್ ಇಳಿದ, ಬೀನ್ಸ್ ಊಟ ಅರ್ಧಕ್ಕೇ ಬಿಟ್ಟು ಬಂದ ಮಿಸೆಸ್ ಪೈಕ್ ಇಳಿದರು. ಕೊನೆಗೆ ಬೂದಿ ಬಣ್ಣದ ಕೋಟು ಇಳಿಯಿತು.

"ನಾನು ಹೇಳ್ಲಿಲ್ವಾ?" ಎಂದ ಬರ್ಟ್.

"ಇದ್ದ ಹಾಗೆ ಇಡಿ," ಎಂದರು ಸ್ಟಿಮ್ಸನ್. ಎಲ್ಡನ್ ಕಿತ್ತದ್ದನ್ನೆಲ್ಲ ಮತ್ತೆ ಪೇರಿಸಿದ. ಅವರು ಜೇಬಿನಿಂದ ಟೇಪ್ ತೆಗೆದು ಉದ್ದ, ಅಗಲ, ಎತ್ತರ ಅಳೆದರು, ಮತ್ತೊಮ್ಮೆ ಅಳೆದರು. ಎಲ್ಡನ್‌ಗೆ ತನ್ನ ಹೆಸರನ್ನು ಊರಿನ ಸಭೆಯಲ್ಲಿ ಓದುವ ದನಿ ಆಗಲೇ ಕೇಳಿಸುತ್ತಿತ್ತು.

"ಇದು ಒಂದು ಕೋರ್ಡ್ ಅಲ್ಲ," ಎಂದರು ಸ್ಟಿಮ್ಸನ್.

ಎಲ್ಡನ್ ಜಗಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. ತನ್ನ ಲಾರಿಯಲ್ಲಿದ್ದ ಕೋಲನ್ನು ಕೈಮಾಡಿ ತೋರಿಸಿದ. "ಕೋಲು ಸುಟ್ಟಿದೆ ಸಾರ್. ಸುಟ್ಟೋನು ನಾನು. ಅಪ್ಪಂದೇನೂ ತಪ್ಪಿಲ್ಲ. ಏನು ಬರಕೊಳ್ತೀರೋ ನನ್ನ ಹೆಸರಲ್ಲೇ ಬರಕೊಳ್ಳಿ."

"ಪೂರ್ತಿ ಕೇಳಿ. ಒಂದು ಕೋರ್ಡಿಗಿಂತ ಜಾಸ್ತಿ ಇದೆ ಅಂತ ಹೇಳೋಕೆ ಹೊರಟೆ." ಸ್ಟಿಮ್ಸನ್ ಹೋಗಿ ಕೋಲು ತಂದು ಅದರ ಮೇಲೂ ಟೇಪ್ ಎಳೆದರು. ಇದ್ದಿಲಿನ ತುದಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. "ನಾಲ್ಕಡಿ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಇಷ್ಟು ಸರಿಯಾದ ಕೋಲನ್ನ ನಾನು ನೋಡಿಲ್ಲ."

ಮೊದಲು ಅರ್ಥವಾದದ್ದು ಮಿಸೆಸ್ ಪೈಕ್ ಅವರಿಗೆ. "ಅಂದ್ರೆ ಆರ್ವಿಲ್ ಕೋಲನ್ನೇ ಉದ್ದ ಕೆತ್ತಿದ್ದ," ಎಂದರು ಮೆಲ್ಲಗೆ. "ಅಷ್ಟು ವರ್ಷ ಊರಿಗೆಲ್ಲ ಜಾಸ್ತೀನೇ ಕೊಟ್ಟ. ಒಬ್ಬರಿಗೂ ಹೇಳ್ಲಿಲ್ಲ ನೋಡು, ಮಹಾರಾಯ."

ಹಾಗಾದರೆ ಬೆಂಕಿಯಲ್ಲಿ ಸುಟ್ಟದ್ದು ಅಳತೆಯಲ್ಲ, ಅಪ್ಪನ ಕೊಸರು. ಎಲ್ಡನ್‌ನ ಕಣ್ಣು ತುಂಬಿ ಬಂತು. ಟೇಪನ್ನು ನಂಬಬೇಡ ಎಂದು ಮುದುಕ ಯಾಕೆ ಹೇಳುತ್ತಿದ್ದನೆಂದು ಈಗ ಗೊತ್ತಾಯಿತು. ಅಪ್ಪನ ಮೇಲೆ ಹೆಮ್ಮೆಯೆನಿಸಿತು, ಮರುಕ್ಷಣವೇ ಮನೆಯ ಖಾಲಿ ಸೌದೆ ಮನೆ ನೆನಪಾಗಿ ಹೆಮ್ಮೆ ಅರ್ಧಕ್ಕೆ ನಿಂತಿತು.

"ನನ್ನ ಮೇಲೆ ದೂರು ಕೊಟ್ಟೋರು ಯಾರು ಸಾರ್?"

"ದೂರಾ? ನಾನು ಬಂದದ್ದು ಈ ಅಂಗಡಿಯವರ ತಕ್ಕಡಿ ನೋಡೋಕೆ," ಎಂದರು ಸ್ಟಿಮ್ಸನ್. "ಬೆಳಿಗ್ಗೆಯಿಂದ ಇವರು ಅದನ್ನ ಬಿಟ್ಟು ಬರೀ ನಿಮ್ಮ ಸೌದೆ ಮಾತಾಡ್ತಿದಾರೆ. ನಡೀರಿ ಲೂಸಿಯನ್, ಈಗಲಾದ್ರೂ ನೋಡೋಣ."

ಲೂಸಿಯನ್ ತನ್ನ ಬೂಟಿನ ತುದಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಇಬ್ಬರೂ ಲಾರಿ ಹತ್ತಿದರು. ಸಣ್ಣಗೆ ಹಿಮ ಬೀಳಲು ಶುರುವಾಯಿತು.

"ಮಿಸೆಸ್ ಪೈಕ್," ಎಂದು ಎಲ್ಡನ್ ಒಟ್ಟಿಲಿನ ಕಡೆ ಕೈ ಚಾಚಿದ, "ಹಾಗಾದ್ರೆ ಇವತ್ತು ಮೇಲೆ ಹಾಕಿದ್ದನ್ನ..."

ಮಿಸೆಸ್ ಪೈಕ್ ಊರುಗೋಲನ್ನು ಒಟ್ಟಿಲಿನ ಮೇಲೆ ಅಡ್ಡ ಇಟ್ಟರು. "ನಿಮ್ಮಪ್ಪ ಕೊಟ್ಟಿದ್ದನ್ನ ವಾಪಸ್ ಕೇಳಿದೋನಲ್ಲ."

"ಕೇಳಿದ್ರೆ ನಾನಿದೀನಿ," ಎಂದ ಬರ್ಟ್, ಇನ್ನೂ ಆಸೆ ಬಿಡದೆ.

"ಮನೇಲಿ ಉರಿಸೋಕೆ ಒಂದು ತುಂಡೂ ಇಲ್ಲ ಮಿಸೆಸ್ ಪೈಕ್. ಈ ಹೊತ್ತಲ್ಲಿ ಒಣಸೌದೆ ಯಾರ ಹತ್ರ ಸಿಗುತ್ತೆ?"

ಅವರ ಮುಖ ಮೃದುವಾಯಿತು. "ಅಯ್ಯೋ ಪಾಪ, ಮೊದಲೇ ಹೇಳೋದಲ್ವಾ. ನನ್ನ ಹಿಂದಿನ ಕೊಟ್ಟಿಗೇಲಿದೆ. ನಂಗೆ ಬೇಕಾಗಿದ್ದು ಒಂದು ಕೋರ್ಡ್, ಪ್ರತಿ ಚಳಿಗಾಲದಲ್ಲೂ ಒಂಚೂರು ಉಳೀತಿತ್ತು. ಯಾಕೆ ಉಳಿಯುತ್ತೆ ಅಂತ ಇವತ್ತು ಗೊತ್ತಾಯ್ತು ನೋಡು. ಎಷ್ಟೋ ವರ್ಷದ್ದು ಕೂಡಿದೆ. ಒಂದು ಕೋರ್ಡ್ ಕೊಡ್ತೀನಿ. ಪುಕ್ಕಟೆ ಅಲ್ಲ, ಊರಿನ ರೇಟಿಗೇ."

ಮರುದಿನ ಬೆಳಿಗ್ಗೆ ಎಲ್ಡನ್ ಹೋದಾಗ ಮಿಸೆಸ್ ಪೈಕ್ ಯಾರನ್ನೋ ಹಿಡಿದು ಸೌದೆಯನ್ನು ಅಂಗಳದಲ್ಲಿ ಪೇರಿಸಿಟ್ಟಿದ್ದರು. ಅವನು ಸುಟ್ಟ ಕೋಲಿನಿಂದ ಅಳೆದ. ಉದ್ದ ಎರಡು ಕೋಲು, ಅಗಲ ಒಂದು ಕೋಲು, ಎತ್ತರ ಒಂದು ಕೋಲು, ಎಲ್ಲ ಸರಿಯಾಗಿತ್ತು. ಅಪ್ಪನ ಕೊಸರನ್ನು ದುಡ್ಡು ಕೊಟ್ಟು ಕೊಳ್ಳುವ ಕಾಲ ಬಂತಲ್ಲ ಎಂದುಕೊಂಡು ಜೇಬಿಗೆ ಕೈ ಹಾಕಿದ.

ಅಷ್ಟರಲ್ಲಿ ಡೀಕನ್ ಮೆಟ್ಟಿಲಿಳಿದು ಬಂತು. ಯಾರೂ ತಳ್ಳದೆಯೇ, ಹಂಡೆಯಂಥ ಹೊಟ್ಟೆಯನ್ನು ಹೊತ್ತುಕೊಂಡು ಒಟ್ಟಿಲಿನ ಈ ತುದಿಯಲ್ಲಿ ಒಳಗೆ ಹೋಗಿ, ಬಾಲ ನೆಟ್ಟಗೆ ಎತ್ತಿಕೊಂಡು ಆ ತುದಿಯಲ್ಲಿ ಹೊರಗೆ ಬಂತು.

ಎಲ್ಡನ್ ಮಿಸೆಸ್ ಪೈಕ್ ಅವರ ಮುಖ ನೋಡಿದ.

"ಈಚೆಗೆ ಸ್ವಲ್ಪ ತೆಳ್ಳಗಾಗಿದಾನೆ ಕಣಪ್ಪ," ಎಂದರು ಅವರು.