ಕೆಳಗಿನ ಮಹಡಿಯ ಸಾರ್ವಜನಿಕರು

ಸೊಸೆಯನ್ನು ಹೊಗಳುವುದೆಂದರೆ ಅತ್ತೆಯಾದವಳಿಗೆ ಕಟ್ಟಿಸಿಕೊಂಡ ಹಲ್ಲಿನಲ್ಲಿ ಚಕ್ಕುಲಿ ಕಡಿದ ಹಾಗೆ. ಆಗುವುದಿಲ್ಲವೆಂದಲ್ಲ, ಭಯ. ಒಮ್ಮೆ ಹೊಗಳಿಬಿಟ್ಟರೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೇಳುವ ಹಕ್ಕು ಹೋಗುತ್ತದೆ. ಆದರೂ ಇವತ್ತು ನನ್ನ ಸೊಸೆ ವೀಣಾಳನ್ನು ಹೊಗಳಲಿಕ್ಕೇ ಕೂತಿದ್ದೇನೆ. ಅವಳು ಮೈಸೂರಿನವಳು, ನಾವು ಉಡುಪಿ ಕಡೆಯವರು. ಅವಳು ಸಾರಿಗೆ ಬೆಲ್ಲ ಹಾಕುವುದಿಲ್ಲ, ಅದು ಬೇರೆ ವಿಷಯ.

ಈ ಕೊಲ್ಲಿ ದೇಶದಲ್ಲಿ, ಅಲ್ ಮವಾಲೇಹ್‌ನ ನಮ್ಮ ಫ್ಲ್ಯಾಟಿನಲ್ಲಿ ಶುಕ್ರವಾರ ಮಧ್ಯಾಹ್ನ ಭಜನೆ. ಸೋಫಾವನ್ನು ಗೋಡೆಗೆ ದೂಡಿದರೆ ಮಂಡಳಿಯವರೆಲ್ಲ ಹಿಡಿಸುತ್ತಾರೆ. ತಾಳ ಹಾಕುವವಳು ನಾನು. ಈಚೆಗೆ ಮಂಡಳಿಯ ಅಧ್ಯಕ್ಷ ಸದಾನಂದ ದೊಡ್ಡ ಸುದ್ದಿ ತಂದ. ಇಲ್ಲಿಯ ಸರ್ಕಾರದವರು ಸೇವಾ ಸಂಸ್ಥೆಗಳ ಕಾನೂನನ್ನು ಹೊಸದಾಗಿ ಬರೆಯುತ್ತಾರಂತೆ, ಮೊದಲು ಜನರ ಅಭಿಪ್ರಾಯ ಕೇಳುತ್ತಿದ್ದಾರಂತೆ. ದೇವರ ಹೆಸರಿನ ಗುಂಪುಗಳು ತಮ್ಮಿಂದ ಸಾರ್ವಜನಿಕರಿಗೇನು ಪ್ರಯೋಜನವೆಂದು ತೋರಿಸಬೇಕೆ, ಅಥವಾ ಪ್ರಾರ್ಥನೆ ಮಾಡಿದರೇ ಸಾಕೆ ಎನ್ನುವುದು ಪ್ರಶ್ನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಈ ಕೇಳುವ ಕ್ರಮ ಒಳ್ಳೆಯದೆನಿಸಿತು. ನನ್ನ ಮದುವೆಗೇ ಯಾರೂ ನನ್ನ ಅಭಿಪ್ರಾಯ ಕೇಳಿರಲಿಲ್ಲ. ಕೇಳಿದ್ದರೆ ಗಂಡನ ಗೊರಕೆಯ ವಿಷಯ ಮೊದಲೇ ವಿಚಾರಿಸಿಕೊಳ್ಳುತ್ತಿದ್ದೆ.

ಸದಾನಂದನಿಗೆ ಬಹುಕಾಲದ ಒಂದು ಆಸೆ. ನಮ್ಮನ್ನು ಸೇವಾ ಸಂಸ್ಥೆಯೆಂದು ಒಪ್ಪಿದರೆ ಮಂಡಳಿಗೆ ಸ್ವಂತ ಜಾಗ ಕೇಳಬಹುದು. ಅದಕ್ಕಾಗಿ ಉತ್ತರವನ್ನು ಅವನೇ ಹೇಳಿಬರೆಸಿದ. ಸಂಸ್ಕೃತಿ, ಮೌಲ್ಯ, ಮನಶ್ಶಾಂತಿ ಎಂದೆಲ್ಲ ಸುರಿದ. ಲ್ಯಾಪ್‌ಟಾಪಿನಲ್ಲಿ ಟೈಪು ಮಾಡುತ್ತಿದ್ದ ವೀಣಾ ನಿಲ್ಲಿಸಿದಳು.

"ಪಬ್ಲಿಕ್ ಅಂದ್ರೆ ಯಾರು ಸರ್? ನಾವೇ ಹಾಡ್ಕೊಂಡು, ನಾವೇ ಅವಲಕ್ಕಿ ತಿಂದ್ರೆ ಅದು ಪಬ್ಲಿಕ್ಕಾ?"

"ಒಂದು ಸಾಲಿಗೆ ಇಷ್ಟೆಲ್ಲ ಎಂತಕ್ಕೆ ಮಾರಾಯ್ತಿ? ಮನಶ್ಶಾಂತಿ ಅಂತ ಹಾಕು, ಖಲಾಸ್."

"ಯಾರ ಮನಶ್ಶಾಂತಿ? ಕೇಳ್ಕೊಂಡು ಬರ್ತೀನಿ ಇರಿ."

ಎದ್ದು ಹೊರಟೇಬಿಟ್ಟಳು. ಕುತೂಹಲ ತಡೆಯದೆ ನಾನೂ ಹಿಂದೆಯೇ ಇಳಿದೆ. ನಮ್ಮ ಕೆಳಗಿನ ಮನೆಯಲ್ಲಿರುವವಳು ಜೆಸ್ಸಿ, ಕೇರಳದ ನರ್ಸು. ರಾತ್ರಿಯೆಲ್ಲ ಆಸ್ಪತ್ರೆ, ಹಗಲು ನಿದ್ದೆ. ಕಣ್ಣುಜ್ಜಿಕೊಂಡೇ ಬಾಗಿಲು ತೆಗೆದಳು. ನಮ್ಮ ಭಜನೆಯಿಂದ ನಿಮಗೇನಾದರೂ ಉಪಯೋಗವಿದೆಯೆ ಎಂದು ವೀಣಾ ಹಿಂದಿಯಲ್ಲಿ ಕೇಳಿದಳು. ಪಾಪ, ಜೆಸ್ಸಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಾಡು ಚೆನ್ನಾಗಿದೆ, ಕೇಳುತ್ತ ಕೇಳುತ್ತ ನಿದ್ದೆಯೇ ಬರುತ್ತದೆ ಎಂದಳು. ನಾನು ಬೀಗಿದೆ. ಆಮೇಲೆ ಸಂಕೋಚದಿಂದ ಕೇಳಿದಳು: "ಮಗರ್ ಆಂಟಿ, ವೋ ಟಿಣ್ ಟಿಣ್ ಕೌನ್ ಬಜಾತಾ ಹೈ?" ಆ ತಾಳದ ಸದ್ದಿಗೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲವಂತೆ. ರಾತ್ರಿ ಇಂಜೆಕ್ಷನ್ ಕೊಡುವಾಗ ತೂಕಡಿಕೆ ಬರುತ್ತದಂತೆ.

ನಾನು ಅವಳ ಚಪ್ಪಲಿ ಸ್ಟ್ಯಾಂಡನ್ನು ನೋಡತೊಡಗಿದೆ. ವೀಣಾ ನನ್ನ ಕಡೆ ಕೈ ತೋರಿಸಿದಳು. ಸುಳ್ಳು ಹೇಳಲಿಕ್ಕೆ ಬರದವಳು, ಏನು ಮಾಡುವುದು?

ಮೇಲೆ ಬಂದು ಎಲ್ಲರಿಗೂ ಕೇಳುವಂತೆ ಓದುತ್ತಲೇ ಟೈಪು ಮಾಡಿದಳು. ಪ್ರಯೋಜನ ತೋರಿಸಬೇಕೆಂಬ ನಿಯಮ ಇರಲಿ. ಅದನ್ನು ಗುಂಪಿನವರನ್ನಲ್ಲ, ಹೊರಗಿನವರನ್ನು ಕೇಳಲಿ. ನಮ್ಮ ಮಂಡಳಿಯಿಂದ ಇಷ್ಟರವರೆಗೆ ಪ್ರಯೋಜನ ಆದದ್ದು ನಮಗೇ. ನೆರೆಯ ಒಬ್ಬರ ನಿದ್ದೆ ಕೆಟ್ಟಿದೆ, ಹೊತ್ತು ಬದಲಾಯಿಸುತ್ತೇವೆ.

ಸದಾನಂದನ ಮುಖ ಸಣ್ಣದಾಯಿತು. "ಇದನ್ನು ಕಳಿಸಿದ್ರೆ ನಮ್ಗೆ ಜಾಗ ಸಿಗ್ಲಿಕ್ಕುಂಟಾ? ಅಮ್ಮ, ನೀವಾದ್ರೂ ನಿಮ್ಮ ಸೊಸೆಗೆ ಹೇಳಿ."

"ಹೇಳ್ಲಿಕ್ಕೆ ಎಂತ ಉಂಟು? ಸಿಗದಿದ್ರೆ ಸೋಫಾ ದೂಡುವ. ಕಳಿಸು ಮಗಾ."

ಕಳಿಸಿದಳು. ಸದಾನಂದ ಅವಲಕ್ಕಿ ಮುಟ್ಟದೆ ಹೋದ. ಅತ್ತೆಯನ್ನೂ ಅಧ್ಯಕ್ಷನನ್ನೂ ಒಂದೇ ಮಧ್ಯಾಹ್ನ ಎದುರು ಹಾಕಿಕೊಂಡು ಒಂದು ಅಕ್ಷರ ಬದಲಿಸದವಳನ್ನು ನಾನು ಬೇರೆಲ್ಲೂ ಕಂಡಿಲ್ಲ. ನನ್ನ ಮಗನಿಗೆ ಅವಳನ್ನು ಆರಿಸಿದ್ದು ನಾನೇ ಎಂದು ಈಗ ಎಲ್ಲರ ಹತ್ತಿರವೂ ಹೇಳುತ್ತಿದ್ದೇನೆ. ಅವರಿಬ್ಬರು ತಾವೇ ಆರಿಸಿಕೊಂಡದ್ದು ಊರಿಗೆಲ್ಲ ಗೊತ್ತು.

ಜಾಗದ ಸುದ್ದಿ ಇನ್ನೂ ಇಲ್ಲ. ಈಗ ಜೆಸ್ಸಿ ಡ್ಯೂಟಿಗೆ ಹೊರಟ ಮೇಲೆಯೇ ಭಜನೆ. ಆಸ್ಪತ್ರೆಯ ವ್ಯಾನು ಬರುವವರೆಗೆ ಕಿಟಕಿಯಲ್ಲಿ ನಿಲ್ಲುವುದು ನನ್ನ ಕೆಲಸ. ತಡವಾದರೆ ದೇವರು ಕಾಯುತ್ತಾನೆ, ಅವನಿಗೇನು ನೈಟ್ ಡ್ಯೂಟಿಯೆ? ಕಾಯಲಾಗದವಳು ನಾನು. 'ಯಲ್ಲಾ, ಯಲ್ಲಾ, ಬೇಗ ಬಾ' ಎಂದು ಡ್ರೈವರನನ್ನು ಅಲ್ಲಿಂದಲೇ ಬೈಯುತ್ತಿರುತ್ತೇನೆ. ಕಳೆದ ಶುಕ್ರವಾರ ಜೆಸ್ಸಿ ವ್ಯಾನು ಹತ್ತುವ ಮುಂಚೆ ತಲೆಯೆತ್ತಿ ನೋಡಿ ಕೈಬೀಸಿದಳು. ಹರಸಿ ಕಳಿಸಲಿಕ್ಕೆ ನಿಂತಿದ್ದೇನೆಂದು ತಿಳಿದುಕೊಂಡಿರಬೇಕು. ನಾನೂ ಕೈಬೀಸಿದೆ. ನಿಜ ಹೇಳುವ ಕೆಲಸ ನಮ್ಮ ಮನೆಯಲ್ಲಿ ಸೊಸೆಯದು.